ರಣಹದ್ದಿನ ಸಾವಿಗೆ ಕಾರಣ ಹುಡುಕಿದವರು



ಅಲ್ಲಾಹನ ಭಯವಿಟ್ಟು ಬದುಕಬೇಕೆಂದು ಮೊದಲು ನಮಗೆ, ನಂತರ ನಿಮಗೆ ಉಪದೇಶಿಸುತ್ತಾ ಇಂದು ಒಂದು ಹಕ್ಕಿಯ ಬಗ್ಗೆ ಮಾತಾಡುತ್ತೇವೆ. ಅದು ಚೆಲುವಾದ ಹಕ್ಕಿಯೇನಲ್ಲ. ಸತ್ತ ದನ ತಿನ್ನುವ, ನೋಡಿದರೆ ನಾವು ಮುಖ ಸಿಂಡರಿಸುವ ರಣಹದ್ದು. ಪವಿತ್ರ ಕುರ್‌ಆನ್ ಹಕ್ಕಿಗಳನ್ನೂ ಸಮುದಾಯಗಳೆಂದು ಪರಿಗಣಿಸುತ್ತದೆ (ಅಲ್ ಅನ್‌ಆಮ್: 38). ಅದರಲ್ಲಿ ಚೆಂದದ ಹಕ್ಕಿ, ಕುರೂಪದ ಹಕ್ಕಿ ಎಂಬ ಭೇದವಿಲ್ಲ.

ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ರಣಹದ್ದುಗಳು ಕೋಟಿಗಟ್ಟಲೆ ಇದ್ದವೆಂದು ಅಂದಾಜು. 1990ರ ದಶಕದಲ್ಲಿ ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ಅವುಗಳ ಗೂಡುಗಳು ಖಾಲಿಯಾಗುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಗಮನಿಸಿದರು. ಕುತ್ತಿಗೆ ಜೋಲುಬಿಟ್ಟು ಕೂತ ಹಕ್ಕಿಗಳು ಒಂದೊಂದಾಗಿ ಸಾಯುತ್ತಿದ್ದವು. ಬಿಳಿಬೆನ್ನಿನ ರಣಹದ್ದು 1992ರಲ್ಲಿ ಸಾವಿರವಿದ್ದ ಕಡೆ 2007ರಲ್ಲಿ ಒಂದು ಉಳಿದಿತ್ತು.

ಕಾರಣವೇನು? ಸೋಂಕುರೋಗವಿರಬೇಕು ಎಂದು ಹಲವರು ಭಾವಿಸಿದ್ದರು. ಪಾಕಿಸ್ತಾನದ ಪಂಜಾಬ್‌ನಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿಯ ತಂಡ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿತು. ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ. ಕಿಡ್ನಿ ಕೆಟ್ಟು ಯೂರಿಕ್ ಆಮ್ಲ ಹರಳುಗಟ್ಟಿತ್ತು. ರೋಗಾಣುಗಳನ್ನು ಹುಡುಕಿದರು, ಕೀಟನಾಶಕ ಹುಡುಕಿದರು, ಲೋಹದ ವಿಷ ಹುಡುಕಿದರು. ಯಾವುದೂ ತಾಳೆಯಾಗಲಿಲ್ಲ. ಆಗ ಪ್ರಶ್ನೆಯನ್ನೇ ಬದಲಿಸಿದರು: ಈ ಹಕ್ಕಿ ತಿನ್ನುವುದು ಸತ್ತ ಜಾನುವಾರುಗಳನ್ನು, ಹಾಗಾದರೆ ಜಾನುವಾರುಗಳಿಗೆ ಜನ ಏನು ಕೊಡುತ್ತಿದ್ದಾರೆ? ಪಶುವೈದ್ಯರನ್ನೂ ಔಷಧ ಅಂಗಡಿಯವರನ್ನೂ ಕೇಳುತ್ತಾ ಹೋದಾಗ ಸಿಕ್ಕಿದ್ದು ಡೈಕ್ಲೋಫೆನಾಕ್. ನಮ್ಮ ಮೊಣಕಾಲು ನೋವಿಗೆ ನುಂಗುವ ಅದೇ ಮಾತ್ರೆ. ಕಿಡ್ನಿ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದರೆ ಇಪ್ಪತ್ತೈದರಲ್ಲೂ ಅದಿತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಆ ಔಷಧ ಕೊಟ್ಟ ಪ್ರಾಣಿಯ ಮಾಂಸ ತಿನ್ನಿಸಿ ನೋಡಿದರು. ಹಕ್ಕಿಗಳು ಅದೇ ರೀತಿ ಸತ್ತವು. ಆ ಪರೀಕ್ಷೆಗೆ ಬಲಿಯಾದ ಹಕ್ಕಿಗಳನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ, ಆದರೆ ಅದಿಲ್ಲದೆ ಲೋಕ ನಂಬುವುದು ಕಷ್ಟವಿತ್ತು. 2004ರಲ್ಲಿ ಇದು ಪ್ರಕಟವಾಯಿತು.

ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಿ ಎಂಬ ಆದೇಶವನ್ನು ನಾವು ವಾಟ್ಸ್‌ಆ್ಯಪ್ ಸಂದೇಶಗಳಿಗೆ ಮಾತ್ರ ಅನ್ವಯಿಸುತ್ತೇವೆ (ಅದನ್ನೂ ಎಷ್ಟು ಪಾಲಿಸುತ್ತೇವೋ!). ಊಹೆಗೆ ಜೋತುಬೀಳದೆ ಇಷ್ಟು ತಾಳ್ಮೆಯಿಂದ ನಡೆಸಿದ ಸಂಶೋಧನೆಯನ್ನು ದೀನ್‌ಗೆ ಹೊರಗಿನ ಕೆಲಸವೆಂದು ನಾವು ಭಾವಿಸುವುದಿಲ್ಲ. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ ಎನ್ನುತ್ತೇವೆ. ಅಮಾನತ್ತಿನ ವಸ್ತು ಹಾಳಾಗುತ್ತಿದ್ದರೆ ಏಕೆಂದು ಹುಡುಕುವುದೂ ಅದನ್ನು ಕಾಯುವುದರಲ್ಲೇ ಸೇರಿದೆ. ನಮ್ಮ ಮಕ್ಕಳಲ್ಲಿ ಡಾಕ್ಟರ್, ಇಂಜಿನಿಯರ್ ಆಗುವವರಿದ್ದಾರೆ. ಪ್ರಾಣಿಶಾಸ್ತ್ರ ಓದುತ್ತೇನೆ ಎಂದ ಮಗಳಿಗೆ "ಅದರಿಂದೇನು ಪ್ರಯೋಜನ" ಎನ್ನಬೇಡಿ.

ಹಕ್ಕಿ ಹೋದ ಮೇಲೆ ಏನಾಯಿತು? ಸತ್ತ ದನ ಊರ ಹೊರಗೆ ಕೊಳೆಯಿತು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅವರ ಲೆಕ್ಕದಂತೆ 2000ದಿಂದ 2005ರವರೆಗೆ ನಮ್ಮ ದೇಶದಲ್ಲಿ ಇದರಿಂದ ಸುಮಾರು 5 ಲಕ್ಷ ಮನುಷ್ಯರ ಹೆಚ್ಚುವರಿ ಸಾವು ಸಂಭವಿಸಿದೆ.

2006ರಲ್ಲಿ ಭಾರತ ಜಾನುವಾರುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು. ಅದೇ ವರ್ಷ ಮೆಲಾಕ್ಸಿಕಾಮ್ ಎಂಬ ಔಷಧ ರಣಹದ್ದಿಗೆ ಹಾನಿ ಮಾಡುವುದಿಲ್ಲವೆಂದು ಸಂಶೋಧಕರು ತೋರಿಸಿಕೊಟ್ಟರು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. ಅದಕ್ಕಾಗಿ 2015ರಲ್ಲಿ ಇಂಜೆಕ್ಷನ್ ಸೀಸೆಯನ್ನು 3 ಮಿಲಿಲೀಟರ್‌ಗೆ ಇಳಿಸಬೇಕಾಯಿತು. 2023ರಲ್ಲಿ ಜಾನುವಾರುಗಳಿಗೆ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೊಡುವುದೂ ನಿಷೇಧವಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಈ ಹಕ್ಕಿಗಳ ಸಂತತಿ ಕುಸಿಯಲು ಸಾಕು. ಒಂದೇ ಹೆಣಕ್ಕೆ ಹತ್ತಾರು ಹಕ್ಕಿಗಳು ಮುತ್ತುತ್ತವೆ, ಜೋಡಿಯೊಂದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ.

ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಅಲ್ಲಿನ ಬಂಡೆಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಉದ್ದಕೊಕ್ಕಿನ ರಣಹದ್ದುಗಳು. ಆದ್ದರಿಂದ ದನ, ಎಮ್ಮೆ, ಆಡು ಸಾಕುವ ಸಹೋದರರಲ್ಲಿ ಒಂದು ವಿನಂತಿ. ಪಶುವೈದ್ಯರನ್ನು ಕೇಳದೆ ಮೆಡಿಕಲ್‌ನಿಂದ ನೋವಿನ ಇಂಜೆಕ್ಷನ್ ತಂದು ಚುಚ್ಚಬೇಡಿ. ಮೆಲಾಕ್ಸಿಕಾಮ್ ಆಗುತ್ತದೆಯೇ ಎಂದು ಅವರನ್ನೇ ಕೇಳಿ. ಬಕ್ರೀದ್ ಸಮೀಪಿಸಿದಾಗ ಇದು ಇನ್ನೂ ಮುಖ್ಯ. ಎದ್ದು ಕಾಣುವಂತೆ ಕುಂಟುವ ಪ್ರಾಣಿ ಕುರ್ಬಾನಿಗೆ ಸಲ್ಲದು, ಆ ಕುಂಟನ್ನು ಇಂಜೆಕ್ಷನ್‌ನಿಂದ ಮರೆಸಿ ಮಾರಿದರೆ ಅದು ಖರೀದಿಸಿದವನಿಗೂ ಮೋಸ. ಔಷಧ ಕೊಟ್ಟ ಪ್ರಾಣಿ ಕೆಲವೇ ದಿನಗಳಲ್ಲಿ ಸತ್ತರೆ ಬಯಲಿಗೆ ಎಳೆದುಹಾಕದೆ ಆಳವಾಗಿ ಗುಂಡಿ ತೋಡಿ ಹೂಳಿ.