ಹಕ್ಕಿನ ದಾರಿ, ಅಪ್ಪಣೆಯ ದಾರಿ

ಹಳಗನ್ನಡದಲ್ಲಿ 'ಬಟ್ಟೆ' ಎಂಬ ಮಾತಿಗೆ ದಾರಿ ಎಂಬ ಅರ್ಥವಿತ್ತು. ಇಂದಿನ ಬಳಕೆಯಲ್ಲಿ ಆ ಅರ್ಥ ಉಳಿದಿಲ್ಲ. ಬಟ್ಟೆಯೆಂದರೆ ಉಡುವ ವಸ್ತ್ರವೆಂದೇ ನಾವು ತಿಳಿಯುತ್ತೇವೆ. ಬಳಕೆ ತಪ್ಪಿದರೆ ಮಾತಿನ ಅರ್ಥ ತಪ್ಪುವುದು ಸಹಜ. ಆದರೆ ದಾರಿಯ ವಿಷಯ ಹಾಗಲ್ಲವೆಂಬುದು ಇಂಗ್ಲೆಂಡಿನ ನ್ಯಾಯಪದ್ಧತಿಯ ಹಳೆಯ ನಂಬಿಕೆ. ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿಯೇ ಎಂಬುದು ಅಲ್ಲಿನ ನ್ಯಾಯಸೂತ್ರ. ಹುಲ್ಲು ಬೆಳೆದು ಮುಚ್ಚಿದರೂ, ನೂರು ವರ್ಷ ಯಾರೂ ತುಳಿಯದಿದ್ದರೂ, ವಿಧಿವತ್ತಾಗಿ ರದ್ದುಮಾಡಿದ ಹೊರತು ಅದರ ಮೇಲಿನ ಜನರ ಹಕ್ಕು ಅಳಿಯುವುದಿಲ್ಲ. ಕಳೆದ ಕಾಲು ಶತಮಾನದಲ್ಲಿ ಈ ಸೂತ್ರ ಅಲುಗಾಡಿತು. ಆ ಅಲುಗಾಟದ ಪೆಟ್ಟು ಹೆಚ್ಚಾಗಿ ತಗುಲಿದ್ದು ಅಲ್ಲಿನ ಕುದುರೆ ಸವಾರರಿಗೆ. ಅವರ ವ್ಯಾಜ್ಯದಲ್ಲಿ ನಾವೂ ಯೋಚಿಸಬೇಕಾದ ಒಂದು ಸಂಗತಿ ಇದೆಯೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನಲ್ಲಿ ಸಾರ್ವಜನಿಕರ ದಾರಿಯೆಂದರೆ ಸರ್ಕಾರ ಹಾಕಿಸಿದ ರಸ್ತೆ ಮಾತ್ರವಲ್ಲ. ಖಾಸಗಿಯವರ ಹೊಲ, ಹುಲ್ಲುಗಾವಲು, ಕಾಡುಗಳ ನಡುವೆ ಹಾದುಹೋಗುವ ಅಸಂಖ್ಯಾತ ಕಿರುದಾರಿಗಳಲ್ಲಿಯೂ ಜನರಿಗೆ ಓಡಾಡುವ ಹಕ್ಕಿದೆ. ನೆಲ ಒಬ್ಬನದು, ಅದನ್ನು ಹಾಯುವ ಹಕ್ಕು ಎಲ್ಲರದು. ಯಾರು ಹೇಗೆ ಹೋಗಬಹುದೆಂಬುದನ್ನು ಅನುಸರಿಸಿ ಈ ದಾರಿಗಳನ್ನು ವಿಂಗಡಿಸಿದ್ದಾರೆ. ನಡೆಯುವವರಿಗಷ್ಟೇ ಸಲ್ಲುವುದು, ನಾವೂ ಹೇಳುವಂತೆ, ಕಾಲುದಾರಿ. ಕುದುರೆಯೇರಿಯೂ ಹೋಗಬಹುದಾದದ್ದು ಬ್ರೈಡಲ್‌ವೇ, ಎಂದರೆ ಕಡಿವಾಣದ ದಾರಿ. 1968ರ ಒಂದು ಶಾಸನ ಅಲ್ಲಿ ಸೈಕಲ್ಲಿಗೂ ಎಡೆಮಾಡಿಕೊಟ್ಟಿತು. ಗಾಡಿಗಳಿಗೂ ಸಲ್ಲುವ ಇನ್ನೆರಡು ಬಗೆಗಳುಂಟು. ಅವುಗಳ ಉದ್ದ ಬಹಳ ಕಡಿಮೆ.

ಕುದುರೆಯೆಂದೊಡನೆ ಸಿರಿವಂತರ ವಿನೋದ ನಮ್ಮ ಕಣ್ಣಿಗೆ ಕಟ್ಟುತ್ತದೆ. ಆದರೆ ಈ ದಾರಿಗಳು ವಿನೋದಕ್ಕಾಗಿ ಹುಟ್ಟಿದವುಗಳಲ್ಲ. ನಮ್ಮ ಮಲೆನಾಡಿನ ಘಟ್ಟದ ದಾರಿಗಳಲ್ಲಿ ಹೇರೆತ್ತುಗಳು ಉಪ್ಪನ್ನೂ ಧಾನ್ಯವನ್ನೂ ಹೊತ್ತು ನಡೆದಂತೆ, ಅಲ್ಲಿ ಹೇರಿನ ಕುದುರೆಗಳು ಉಪ್ಪು, ಉಣ್ಣೆ, ಸೀಸಗಳನ್ನು ಹೊತ್ತು ಗುಡ್ಡಗಳನ್ನು ದಾಟುತ್ತಿದ್ದವು. ಆ ಕುದುರೆಗಳಿಗಾಗಿಯೇ ಕಟ್ಟಿದ ಕಿರಿದಾದ ಕಲ್ಲುಸೇತುವೆಗಳು ಈಗಲೂ ನಿಂತಿವೆ. ಬೆನ್ನಿನ ಇಕ್ಕೆಲದ ಮೂಟೆಗಳು ತಾಗಬಾರದೆಂದು ಅವುಗಳ ಪಕ್ಕದ ಗೋಡೆಗಳನ್ನು ತಗ್ಗಾಗಿ ಕಟ್ಟಿರುತ್ತಾರೆ. ದಕ್ಷಿಣದ ಮೆದುಮಣ್ಣಿನ ಸೀಮೆಗಳಲ್ಲಿ ಶತಮಾನಗಳ ಗೊರಸು, ಗಾಲಿ, ಮಳೆನೀರುಗಳು ಸೇರಿ ದಾರಿಯನ್ನು ಆಳೆತ್ತರಕ್ಕೂ ಮಿಗಿಲಾಗಿ ಕೊರೆದು ಹಾಕಿವೆ. ಆ ಓಣಿಗಳಿಗೆ ಯಾವ ದಾಖಲೆಯ ಸಾಕ್ಷಿಯೂ ಬೇಕಿಲ್ಲವೆಂದು ನೋಡಿದವರಿಗೆ ಅನ್ನಿಸಬಹುದು. ಕಾನೂನು ಅಷ್ಟಕ್ಕೆ ತೃಪ್ತಿಪಡುವುದಿಲ್ಲ.

ದಾಖಲೆಯ ಕಾರ್ಯ ಮೊದಲಾದದ್ದು 1949ರ ಶಾಸನದಿಂದ. ಪ್ರತಿಯೊಂದು ಜಿಲ್ಲಾಡಳಿತವೂ ತನ್ನ ವ್ಯಾಪ್ತಿಯ ದಾರಿಗಳನ್ನು ಗುರುತಿಸಿ ಅಧಿಕೃತ ನಕ್ಷೆಯನ್ನು ಸಿದ್ಧಪಡಿಸಬೇಕೆಂದು ಅದು ವಿಧಿಸಿತು. ದಾರಿಗಳನ್ನು ಕಂಡು ಬರೆದುಕೊಡುವ ಕೆಲಸ ಬಹುಮಟ್ಟಿಗೆ ಗ್ರಾಮಮಂಡಲಿಗಳ ಪಾಲಿಗೆ ಬಂತು. ಕೆಲವರು ಶ್ರದ್ಧೆಯಿಂದ ಮಾಡಿದರು, ಕೆಲವರು ಹೇಗೋ ಮುಗಿಸಿದರು. ಆಗ ಹೊಲದ ಕುದುರೆಯ ಕಾಲ ಮುಗಿಯುತ್ತಿತ್ತು, ಟ್ರ್ಯಾಕ್ಟರು ಬರುತ್ತಿತ್ತು. ಕುದುರೆಯ ದಾರಿಯನ್ನು ಕಾಲುದಾರಿಯೆಂದು ಬರೆದರೆ ಯಾರಿಗೇನು ನಷ್ಟವೆಂದು ಅನೇಕರು ಭಾವಿಸಿರಬೇಕು. ಹೀಗಾಗಿ, ಒಂದು ಗ್ರಾಮದಲ್ಲಿ ಕುದುರೆದಾರಿಯಾಗಿ ಹೊರಟದ್ದು ಪಕ್ಕದ ಗ್ರಾಮದ ಎಲ್ಲೆಯನ್ನು ಮುಟ್ಟಿದೊಡನೆ ಕಾಲುದಾರಿಯಾಗಿಬಿಡುವ ವಿಚಿತ್ರಗಳು ನಕ್ಷೆಯಲ್ಲಿ ಉಳಿದುಕೊಂಡವು. ಇಂಗ್ಲೆಂಡಿನಲ್ಲಿ ನಕ್ಷೆಗೆ ಸೇರಿದ ದಾರಿಗಳ ಒಟ್ಟು ಉದ್ದ ಸುಮಾರು 1,88,700 ಕಿಲೋಮೀಟರು. ಅದರಲ್ಲಿ ಸವಾರರಿಗೆ ಸಲ್ಲುವುದು ಸುಮಾರು 42,000 ಕಿಲೋಮೀಟರು, ಎಂದರೆ ನೂರಕ್ಕೆ 22 ಪಾಲು. ಅದೂ ತುಂಡುತುಂಡಾಗಿ ಹಂಚಿಹೋಗಿದೆ.

ನಕ್ಷೆಗೆ ಸೇರದ ಕಡೆ ಸವಾರನು ನೆಚ್ಚಬೇಕಾದದ್ದು ನೆಲದೊಡೆಯನ ಅಪ್ಪಣೆಯನ್ನು. ಹಕ್ಕು ಬೇರೆ, ಅಪ್ಪಣೆ ಬೇರೆ. ದಿನನಿತ್ಯದ ಓಡಾಟದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಬಾಗಿಲು ತೆರೆದಿರುತ್ತದೆ, ಕುದುರೆ ಒಳಗೆ ಹೋಗುತ್ತದೆ. ಬಾಗಿಲು ಮುಚ್ಚಿದ ದಿನ ವ್ಯತ್ಯಾಸ ತಿಳಿಯುತ್ತದೆ. ಯಾರ ತಡೆಯೂ ಇಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ, ಬಹಿರಂಗವಾಗಿ 20 ವರ್ಷ ಬಳಸಿದ ದಾರಿ ಸಾರ್ವಜನಿಕರದಾಯಿತೆಂದು ಅಲ್ಲಿನ ಕಾನೂನು ಊಹಿಸಿಕೊಳ್ಳುತ್ತದೆ. ಇದನ್ನು ಬಲ್ಲ ನೆಲದೊಡೆಯರು ವರ್ಷಕ್ಕೊಂದು ದಿನ ಬಾಗಿಲಿಗೆ ಬೀಗ ಹಾಕುವುದುಂಟು. ಉಳಿದ 364 ದಿನ ಕೊಟ್ಟದ್ದು ಔದಾರ್ಯವೇ ಹೊರತು ಹಕ್ಕಲ್ಲವೆಂದು ಆ ಒಂದು ದಿನದ ಬೀಗ ಸಾರುತ್ತದೆ.

ಸರ್ಕಾರದ ಕಾಡುಗಳಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗಿದೆ. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿನ ಅಭಾವವನ್ನು ಅನುಭವಿಸಿದ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ ನೆಡುತೋಪುಗಳನ್ನು ಬೆಳೆಸಿತು. ಅವುಗಳ ನಡುವಣ ದಾರಿಗಳಲ್ಲಿ ನಡೆಯುವವರೂ ಸವಾರರೂ ಒಟ್ಟಿಗೆ ಓಡಾಡುತ್ತ ಬಂದರು. 2000ದಲ್ಲಿ ಬಂದ ಹೊಸ ಶಾಸನ ಬೆಟ್ಟ, ಬಯಲು, ಊರೊಟ್ಟಿನ ನೆಲಗಳಲ್ಲಿ ಜನರಿಗೆ ಸಂಚಾರದ ಹಕ್ಕನ್ನು ಕೊಟ್ಟಿತು. ಆದರೆ ಕೊಟ್ಟದ್ದು ಕಾಲ್ನಡಿಗೆಗೆ ಮಾತ್ರ. ಆಯೋಗವೂ ತನ್ನ ಸ್ವಂತ ಕಾಡುಗಳನ್ನು ಆ ಶಾಸನದಂತೆ ಬಹುಮಟ್ಟಿಗೆ ಕಾಲ್ನಡಿಗೆಯವರಿಗೆ ಸಮರ್ಪಿಸಿತು. ಸವಾರನ ಪಾಲಿಗೆ ಉಳಿದದ್ದು ಹಿಂದಿನ ಅಪ್ಪಣೆಯೇ. ಕಾಡು ಮಾರಾಟವಾದರೂ ಸಮರ್ಪಿತವಾದ ಹಕ್ಕು ಹೊಸ ಒಡೆಯನನ್ನು ಕಟ್ಟುತ್ತದೆ. ಅಪ್ಪಣೆಯೋ ಹಳೆಯ ಒಡೆಯನೊಂದಿಗೆ ಹೊರಟುಹೋಗುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಕಾಡುಗಳನ್ನು ಸರ್ಕಾರದ ಕೈಯಿಂದ ಬಿಡಿಸುವ ಯೋಜನೆ 2011ರ ಆರಂಭದಲ್ಲಿ ಪ್ರಕಟವಾದಾಗ ಸವಾರರು ಗಾಬರಿಗೊಂಡದ್ದು ಇದಕ್ಕಾಗಿಯೇ. ಐದು ಲಕ್ಷಕ್ಕೂ ಮಿಕ್ಕಿದ ಜನ ಮನವಿಗೆ ಸಹಿಹಾಕಿದರು. ಫೆಬ್ರವರಿಯಲ್ಲಿ ಯೋಜನೆಯನ್ನು ಹಿಂತೆಗೆದುಕೊಂಡ ಸಚಿವೆ ಪಾರ್ಲಿಮೆಂಟಿನಲ್ಲಿ ಕ್ಷಮೆ ಯಾಚಿಸಿದರು. ಕಾಡು ಉಳಿಯಿತು. ಅಪ್ಪಣೆ ಅಪ್ಪಣೆಯಾಗಿಯೇ ಉಳಿಯಿತು.

ಅದೇ 2000ದ ಶಾಸನದಲ್ಲಿ ಇನ್ನೊಂದು ವಿಧಿಯೂ ಅಡಗಿತ್ತು. 1949ಕ್ಕೆ ಮೊದಲೇ ಇದ್ದು ನಕ್ಷೆಗೆ ಸೇರದೆ ಹೋದ ಕಾಲುದಾರಿ, ಕುದುರೆದಾರಿಗಳನ್ನು 2026ರ ಜನವರಿ 1ರೊಳಗೆ ದಾಖಲಿಸಬೇಕು. ಇಲ್ಲವಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅವುಗಳ ಹಕ್ಕು ಅಳಿಯುವುದು. ಎಂದೆಂದಿಗೂ ದಾರಿ ಎಂಬ ಸೂತ್ರಕ್ಕೆ ಹೀಗೆ ಒಂದು ತಾರೀಖು ಗೊತ್ತಾಯಿತು. ಬ್ರಿಟಿಷ್ ಹಾರ್ಸ್ ಸೊಸೈಟಿಯಂಥ ಸಂಸ್ಥೆಗಳ ಸ್ವಯಂಸೇವಕರು ದಾಖಲೆಕೋಣೆಗಳಲ್ಲಿ ಕುಳಿತರು. ಅವರು ಹುಡುಕಿದ ಸಾಕ್ಷ್ಯಗಳ ಕಥೆ ಸ್ವಾರಸ್ಯವಾದದ್ದು. ಊರೊಟ್ಟಿನ ನೆಲವನ್ನು ಹಂಚಿ ಬೇಲಿ ಹಾಕಿದ ಕಾಲದ ತೀರ್ಪುಗಳಲ್ಲಿ ದಾರಿಯ ಅಗಲವೂ ನಮೂದಾಗಿರುತ್ತದೆ. ರೈಲುಹಳಿ ಹಾಕಲು ಹೊರಟ ಕಂಪನಿಗಳು ಅಡ್ಡ ಬರುವ ಪ್ರತಿಯೊಂದು ದಾರಿಯನ್ನೂ ತಮ್ಮ ನಕ್ಷೆಯಲ್ಲಿ ತೋರಿಸಬೇಕಾಗಿತ್ತು. 1910ರ ಭೂತೆರಿಗೆಯ ಕಾಲದಲ್ಲಿ, ತನ್ನ ನೆಲದ ಮೇಲೆ ಸಾರ್ವಜನಿಕರ ದಾರಿಯಿದೆಯೆಂದು ತೋರಿಸಿದರೆ ಒಡೆಯನಿಗೆ ಮೌಲ್ಯದಲ್ಲಿ ರಿಯಾಯಿತಿ ದೊರೆಯುತ್ತಿತ್ತು. ಅಂದು ರಿಯಾಯಿತಿಗಾಗಿ ಅಜ್ಜ ಒಪ್ಪಿಕೊಂಡ ದಾರಿಯನ್ನು ಇಂದು ಮೊಮ್ಮಗ ಅಲ್ಲಗಳೆಯುವುದು ಕಷ್ಟ.

ಹಳೆಯ ನಕ್ಷೆಗಳನ್ನು ಇಂದಿನವುಗಳೊಡನೆ ಹೋಲಿಸಿದ ನಡಿಗೆಗಾರರ ಸಂಘವೊಂದು, ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ 49,000 ಮೈಲಿಗೂ ಹೆಚ್ಚಿನ ದಾರಿಗಳು ಬಿಟ್ಟುಹೋಗಿರಬಹುದೆಂದು 2020ರ ಶೋಧದಿಂದ ಅಂದಾಜು ಮಾಡಿತು. ಇತ್ತ ಸರ್ಕಾರದ ಮನಸ್ಸೂ ತೂಗುಯ್ಯಾಲೆಯಾಡಿತು. ಗಡುವನ್ನು ತೆಗೆದುಹಾಕುವುದಾಗಿ 2022ರಲ್ಲಿ ಹೇಳಿತು. 2023ರಲ್ಲಿ ಮಾತು ತಿರುಗಿಸಿ ಗಡುವನ್ನು 2031ಕ್ಕೆ ಮುಂದೂಡಿತು. 2024ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಅದನ್ನು ರದ್ದುಪಡಿಸುವುದಾಗಿ ಘೋಷಿಸಿತು.

ಎದುರು ಪಕ್ಷದವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ತನ್ನ ಜಮೀನಿನಲ್ಲಿ ನಾಳೆ ಯಾವ ಹಳೆಯ ಕಾಗದದಿಂದ ಯಾವ ದಾರಿ ಎದ್ದುಬರುವುದೋ ಎಂಬ ಆತಂಕದಲ್ಲಿ ರೈತನು ಬದುಕಬೇಕೆ? ತೇವದ ನೆಲವನ್ನು ಗೊರಸು ತುಳಿದು ಕೆಸರಾಗಿಸುವುದೂ ನಿಜ, ಇಕ್ಕಟ್ಟಿನಲ್ಲಿ ಕುದುರೆಗೆ ಎದುರಾದ ಪಾದಚಾರಿ ಅಂಜುವುದೂ ನಿಜ. ಆದರೆ ಕಾಡಿನ ದಾರಿ ಮುಚ್ಚಿದರೆ ಸವಾರರು ಬಂದು ಸೇರುವುದು ಮೋಟಾರು ರಸ್ತೆಗೆ. ಕುದುರೆಯನ್ನು ದಾಟುವ ವಾಹನ ಗಂಟೆಗೆ 10 ಮೈಲಿಯನ್ನು ಮೀರದೆ, ಕನಿಷ್ಠ 2 ಮೀಟರು ದೂರವಿಟ್ಟು ಹೋಗಬೇಕೆಂದು 2022ರಲ್ಲಿ ಅಲ್ಲಿನ ರಸ್ತೆ ಸಂಹಿತೆಗೆ ಸೇರಿಸಬೇಕಾಯಿತೆಂದರೆ ಅಪಾಯವನ್ನು ಊಹಿಸಬಹುದು. ಹಾಗೆ ಸವಾರಿ ಮಾಡುವವರಲ್ಲಿ ಮಕ್ಕಳಿದ್ದಾರೆ. ಸ್ವಂತ ಕಾಲಿನಿಂದ ದೂರ ನಡೆಯಲಾರದೆ ಕುದುರೆಯ ಕಾಲಿನಿಂದ ಕಾಡನ್ನು ಕಾಣುವ ಅಂಗವಿಕಲರೂ ಇದ್ದಾರೆ.

ಬೇರೆ ಏರ್ಪಾಟು ಅಸಾಧ್ಯವೇನಲ್ಲ. ನೆರೆಯ ಸ್ಕಾಟ್ಲೆಂಡು 2003ರ ಭೂಸುಧಾರಣೆಯ ಶಾಸನದಲ್ಲಿ ನಡೆಯುವವರು, ಸೈಕಲ್ ಸವಾರರು, ಕುದುರೆ ಸವಾರರು ಎಂಬ ಭೇದವೆಣಿಸದೆ ಬಹುಪಾಲು ನೆಲದ ಮೇಲೆ ಸಂಚಾರದ ಹಕ್ಕನ್ನು ಕೊಟ್ಟಿತು. ಹೊಣೆಯರಿತು ನಡೆದುಕೊಳ್ಳಬೇಕೆಂಬುದೇ ಅಲ್ಲಿನ ಮುಖ್ಯ ನಿಬಂಧನೆ. ಅಲ್ಲಿ ಪ್ರಶ್ನೆ ಏನಿದ್ದರೂ ನಡತೆಯದು. ನೂರು ವರ್ಷದ ಹಿಂದಿನ ಗುಮಾಸ್ತ ಏನು ಬರೆದನೆಂಬುದಲ್ಲ.

ನಮ್ಮ ಹಳ್ಳಿಗಳಲ್ಲಿ 'ನಕಾಶೆ ಕಂಡ ದಾರಿ' ಎಂಬ ಮಾತಿದೆ. ಗ್ರಾಮನಕ್ಷೆಯಲ್ಲಿ ಗೆರೆಯಿದ್ದರೆ ಬಂಡಿದಾರಿಗೆ ಬಲ ಬರುತ್ತದೆ. ಗೆರೆಯಿಲ್ಲದೆ, ಅಕ್ಕಪಕ್ಕದ ಹೊಲದವರ ಸೌಜನ್ಯದಿಂದ ನಡೆದುಬಂದ ದಾರಿ, ಹೊಲ ಕೈಬದಲಾದ ವರ್ಷ ಬೇಲಿಯೊಳಗೆ ಸೇರುತ್ತದೆ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ನಮ್ಮ ರೈತನ ಸಂಕಟವನ್ನು ಬಲ್ಲವರಿಗೆ ಇಂಗ್ಲೆಂಡಿನ ಸವಾರನ ಸಂಕಟ ದೂರದ್ದೆನಿಸಲಾರದು. ಇಬ್ಬರೂ ಹೊಸದಾಗಿ ಏನನ್ನೂ ಬೇಡುತ್ತಿಲ್ಲ; ನಡೆದುಬಂದದ್ದನ್ನು ಬರೆದಿಡಿರೆಂದಷ್ಟೇ ಕೇಳುತ್ತಿದ್ದಾರೆ. ಸೌಜನ್ಯ ಇರುವಾಗಲೇ ಅದನ್ನು ಹಕ್ಕಾಗಿ ಬರೆಯಿಸಿಕೊಳ್ಳುವುದು ಕೃತಘ್ನತೆಯಲ್ಲ. ಮುಂದೆ ಆ ದಾರಿಯಲ್ಲಿ ಬರುವವರಿಗೆ ಅದೇ ಸೌಜನ್ಯ ಸಿಕ್ಕೀತೆಂದು ಯಾರು ತಾನೇ ಹೇಳಬಲ್ಲರು?

(ಬಾನುಲಿ ಭಾಷಣ)