ಮನೆಯೊಳಗಿನ ವ್ಯಾಕರಣ

ವ್ಯಾಕರಣವೆಂದರೆ ಹೆದರುವವರೇ ನಮ್ಮಲ್ಲಿ ಹೆಚ್ಚು. ವಿಭಕ್ತಿಗಳನ್ನು ಉರುಹೊಡೆದು, ಪರೀಕ್ಷೆಯ ಮರುದಿನವೇ ಮರೆತು, ನೆಮ್ಮದಿಯಿಂದಿರುವ ಮಹನೀಯರು ಈ ಭಾಷಣದ ಹೆಸರನ್ನು ಕೇಳಿದೊಡನೆ ರೇಡಿಯೋವಿನ ತಿರುಪಿಗೆ ಕೈಯಿಡದಿರಲೆಂದು ಬೇಡುತ್ತೇವೆ. ನಾವು ಹೇಳಹೊರಟಿರುವುದು ಗ್ರಂಥದ ವ್ಯಾಕರಣವನ್ನಲ್ಲ, ಮನೆಯ ವ್ಯಾಕರಣವನ್ನು.

ಈ ಎರಡಕ್ಕೂ ಇರುವ ನಂಟು ಹಳೆಯದು. ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂಭ್ರಮವೆಂದು ಸಂಸ್ಕೃತ ಪಂಡಿತರಲ್ಲಿ ಒಂದು ಮಾತುಂಟು. ಬಡ ಪಂಡಿತನೊಬ್ಬನು ತನ್ನ ಸಂಸಾರವನ್ನೆಲ್ಲ ಸಮಾಸಗಳ ಹೆಸರಿನಲ್ಲಿಯೇ ಬಣ್ಣಿಸಿದ ಚಮತ್ಕಾರವೂ ಪ್ರಸಿದ್ಧವಾದುದು: ತಾನೂ ಹೆಂಡತಿಯೂ ದ್ವಂದ್ವ, ಇರುವ ಹಸುಗಳೆರಡು, ಆದುದರಿಂದ ದ್ವಿಗು, ಮನೆಯಲ್ಲಿ ಖರ್ಚಿಗೆ ಕಾಸಿಲ್ಲ, ಅದು ಅವ್ಯಯೀಭಾವ, ಪ್ರಭುವಿನ ಕೃಪೆಯಾದರೆ ತಾನು ಬಹುವ್ರೀಹಿ, ಎಂದರೆ ಬಹಳ ಬತ್ತವುಳ್ಳವನು, ಆದೇನು.

ಆ ಪಂಡಿತನು ಸೋಸಲೆಯಲ್ಲಿ ಹುಟ್ಟಿದ್ದರೆ ಅಷ್ಟು ಬೇಡಬೇಕಾಗಿರಲಿಲ್ಲ. ಕಾವೇರಿಯ ಮಗ್ಗುಲಿನ ಆ ಸೀಮೆ ಬತ್ತದ ಸೀಮೆ. ತಿರುಮಕೂಡಲು ನರಸೀಪುರಕ್ಕೆ ಹತ್ತಿರದ ಸೋಸಲೆ ವ್ಯಾಸರಾಜ ಮಠದಿಂದ ಹೆಸರಾದ ಊರು. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಅಯ್ಯಾಶಾಸ್ತ್ರಿಗಳು ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು. ವ್ಯಾಕರಣಕ್ಕೆ ಇದಕ್ಕಿಂತ ತಕ್ಕ ನೆಲ ಬೇಕೆ? ಅಲ್ಲಿಯ ಹಿಂದಿನ ಕಾಲದ ಕೂಡುಕುಟುಂಬದ ತೊಟ್ಟಿಮನೆಯೊಂದನ್ನು ಊಹಿಸಿಕೊಂಡು ಒಳಗೆ ಹೋಗೋಣ.

ಮೊದಲು ಕಾಣುವವರು ಜಗಲಿಯ ಮೇಲೆ ಕುಳಿತ ತಾತನವರು. ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯವಾಗಬಹುದು. ‘ಇವರು ನಮ್ಮ ತಾತ’ ಎಂದರೆ ಮುಗಿಯಿತು. ಅವರು ಏನು ಮಾಡುವರೆಂದು ಯಾರೂ ಕೇಳುವಂತಿಲ್ಲ. ತಂದೆಯು ಶುದ್ಧ ನಾಮಪದ. ಏಳು ವಿಭಕ್ತಿಗಳೂ ಅವರಿಗೆ ಒಪ್ಪುತ್ತವೆ. ತಂದೆಯು ಬಂದರು, ತಂದೆಯನ್ನು ಕಂಡು ಮಕ್ಕಳು ಪುಸ್ತಕ ಹಿಡಿದರು, ತಂದೆಯಿಂದ ದುಡ್ಡು, ತಂದೆಗೆ ಮೊದಲ ಲೋಟ ಕಾಫಿ, ತಂದೆಯ ದೆಸೆಯಿಂದ ಈ ಗೌರವ, ತಂದೆಯ ಕೊಡೆಯನ್ನು ಯಾರೂ ಮುಟ್ಟಕೂಡದು, ತಂದೆಯಲ್ಲಿ ಎಲ್ಲರಿಗೂ ಭಯಭಕ್ತಿ. ಎಂಟನೆಯದಾದ ಸಂಬೋಧನೆಯೊಂದೇ ಕಷ್ಟ. ಗಂಡನ ಹೆಸರನ್ನು ಹೇಳಬಾರದಾದುದರಿಂದ ತಾಯಿಯು ‘ಅವರು’ ಎಂಬ ಸರ್ವನಾಮದಲ್ಲಿಯೂ ‘ಏನೂಂದ್ರೆ’ ಎಂಬ ಮಾತಿನಲ್ಲಿಯೂ ಕಾಲವನ್ನೆಲ್ಲ ಕಳೆದುಬಿಡುವರು.

ಚಿಕ್ಕಪ್ಪನು ಅವ್ಯಯ. ಲಿಂಗ ವಚನ ವಿಭಕ್ತಿಗಳಿಂದ ಬದಲಾಗದುದು ಅವ್ಯಯವೆಂದು ಶಾಸ್ತ್ರ. ಜಾತ್ರೆಗೆ ಹೋಗಿ ಬಂದರೂ ಕೈಯಲ್ಲಿದ್ದ ರೂಪಾಯಿ ಬದಲಾಗದೆ ಹಾಗೆಯೇ ಹಿಂದಿರುಗಿದರೆ ಅದೂ ಅವ್ಯಯವೇ ಅಲ್ಲವೆ? ಸೋದರತ್ತೆಯು ವಿಶೇಷಣ. ಯಾವ ನಾಮಪದವೂ ಅವರ ಬಾಯಿಂದ ಒಂಟಿಯಾಗಿ ಹೊರಬೀಳದು. ಹುಡುಗನೆಂದರೆ ಮೊಂಡು ಹುಡುಗ, ಸಾರೆಂದರೆ ನೀರು ಸಾರು, ಸೊಸೆಯೆಂದರೆ ಒಣಜಂಭದ ಸೊಸೆ.

ಇನ್ನು ಸಂಧಿಗಳು. ಬೇಸಗೆಯಲ್ಲಿ ನೆಂಟರು ಬಂದರೆ ಲೋಪಸಂಧಿ. ‘ಊರು’ ‘ಅಲ್ಲಿ’ ಎಂಬುವು ಸೇರಿ ‘ಊರಲ್ಲಿ’ ಆದಾಗ ಇದ್ದ ಉಕಾರವು ಹೊರಗೆ ಹೋಗುವಂತೆ, ಅವರು ಒಳಗೆ ಬಂದೊಡನೆ ಮನೆಯ ಹುಡುಗರ ಹಾಸಿಗೆ ಜಗಲಿಗೆ ಹೋಗುತ್ತದೆ. ಅಳಿಯಂದಿರು ಬಂದರೆ ಆದೇಶಸಂಧಿ. ‘ಮಳೆ’ಯೊಡನೆ ಸೇರಿದ ‘ಕಾಲ’ವು ‘ಗಾಲ’ವಾಗಿ ಮೆತ್ತಗಾಗುವಂತೆ, ಮನೆಯವರ ಗಟ್ಟಿ ದನಿಗಳೆಲ್ಲ ಅವರ ಮುಂದೆ ಮೆತ್ತಗಾಗುತ್ತವೆ. ಮಗು ಹುಟ್ಟಿದರೆ ಆಗಮಸಂಧಿ. ‘ಮನೆ’ ‘ಅನ್ನು’ ಎಂಬ ಎರಡರ ಸ್ವರಗಳು ಎದುರುಬದುರಾಗಿ ನಿಂತಾಗ ಯಕಾರವೊಂದು ನಡುವೆ ಬಂದು, ಯಾರನ್ನೂ ಹೊರಗೆ ಕಳುಹಿಸದೆ, ‘ಮನೆಯನ್ನು’ ಎಂದು ಕೂಡಿಸುತ್ತದೆ. ಅತ್ತೆ ಸೊಸೆಯರೆಂಬ ಎರಡು ಸ್ವರಗಳ ನಡುವೆ ಮೊಮ್ಮಗು ಮಾಡುವ ಕೆಲಸವೂ ಇದೇ. ಈ ಮಗುವಾದರೋ ನಮ್ಮ ಭಾಷೆಯಲ್ಲಿ ನಪುಂಸಕಲಿಂಗ. ‘ಮಗು ಅತ್ತಿತು’ ಎನ್ನುತ್ತೇವೆ; ಅತ್ತೊಡನೆ ಪುಲ್ಲಿಂಗ ಸ್ತ್ರೀಲಿಂಗಗಳೆರಡೂ ಎದ್ದು ಓಡುತ್ತವೆ.

ತಾಯಿ ಯಾವ ಪದವೆಂದು ಹೇಳಬೇಕೆ? ಆಕೆ ಕ್ರಿಯಾಪದ. ಯಾರು, ಏನನ್ನು, ಯಾರಿಗೆ, ಎಲ್ಲಿ ಎಂಬ ಕಾರಕಗಳೆಲ್ಲವೂ ಕ್ರಿಯೆಯನ್ನೇ ಆಶ್ರಯಿಸಿರುವಂತೆ, ಅಂಗಿ ಎಲ್ಲಿ, ಬೀಗದಕೈ ಯಾರಲ್ಲಿ, ತಾತನಿಗೆ ಔಷಧ ಯಾವಾಗ ಎಂಬ ಪ್ರಶ್ನೆಗಳೆಲ್ಲ ಆಕೆಯ ಬಳಿಗೇ ಬರುತ್ತವೆ. ಕನ್ನಡದಲ್ಲಿ ‘ಬಂದರು’ ಎಂಬ ಕ್ರಿಯಾಪದವೊಂದರಿಂದಲೇ ಕರ್ತೃವಿನ ಸ್ಥಿತಿ ತಿಳಿಯುವುದು. ಅಡಿಗೆಮನೆಯ ಪಾತ್ರೆಗಳ ಸದ್ದಿನಿಂದಲೇ ತಂದೆಯವರ ಕೋಪವೆಷ್ಟೆಂದು ಮಕ್ಕಳು ತಿಳಿಯುವರು. ನಮ್ಮ ವಾಕ್ಯದಲ್ಲಿ ಕ್ರಿಯಾಪದದ ಸ್ಥಾನ ಕಟ್ಟಕಡೆ. ಊಟದ ಪಂಕ್ತಿಯಲ್ಲಿ ತಾಯಿಯ ಸ್ಥಾನವೂ ಅದೇ. ಎಲ್ಲರದೂ ಮುಗಿದು, ಪಾತ್ರೆಯ ತಳದಲ್ಲಿ ಉಳಿದುದು ಆಕೆಯ ಪಾಲು. ಇಲ್ಲಿ ಮಾತ್ರ ನಮಗೆ ನಗು ಬಾರದು. ವಾಕ್ಯದ ಕಡೆಯಲ್ಲಿ ಕ್ರಿಯಾಪದವನ್ನಿಟ್ಟವರು ಅದಕ್ಕಾಗಿ ಕಾದು ಕುಳಿತು ಕೇಳುವರು. ಅದು ಬರುವವರೆಗೆ ಅರ್ಥ ನಿಲ್ಲದು. ಮನೆಯಲ್ಲಿ ಹಾಗೆ ಕಾದು ಕುಳಿತವರೆಷ್ಟು ಮಂದಿ?

ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನ ಮನೆತನವನ್ನು ನೋಡಿ. ತಂದೆ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ, ತಾಯಿಯ ತಂದೆ ಸುಮನೋಬಾಣ, ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ಉಪ್ಪಿನಕಾಯಿ ಬಡಿಸೆಂದು ಕೇಳುವಾಗಲೂ ವಿಭಕ್ತಿ ತಪ್ಪುವಂತಿಲ್ಲದ ಮನೆ! ಈ ಮೂವರನ್ನೂ ಕೇಶಿರಾಜನಿಗೆ ಬಂಧುಗಳನ್ನಾಗಿ ಮಾಡಿದವಳು ಒಬ್ಬ ತಾಯಿ. ಸುಮನೋಬಾಣನ ಮಗಳು, ಜನ್ನನ ಸೋದರಿ, ಮಲ್ಲಿಕಾರ್ಜುನನ ಪತ್ನಿ ಎಂದು ನಾವು ಆಕೆಯನ್ನು ಗುರುತಿಸುವುದೆಲ್ಲ ಷಷ್ಠೀ ವಿಭಕ್ತಿಯಿಂದಲೇ. ತಿರುಮಕೂಡಲಿನಲ್ಲಿ ಕಣ್ಣಿಗೆ ಕಾಣುವುವು ಕಾವೇರಿ ಕಪಿಲೆಗಳೆರಡು. ಗುಪ್ತವಾದ ಸ್ಫಟಿಕ ಸರೋವರವನ್ನು ಸೇರಿಸಿಕೊಂಡೇ ಭಕ್ತರು ಮೂರೆಂದು ಎಣಿಸಿ ಮುಳುಗುವರು. ಕಾಣದ ನೀರಿಗೆ ಸಲ್ಲುವ ಎಣಿಕೆ ಮನೆಯ ತಾಯಿಗೂ ಸಲ್ಲಬೇಡವೆ?

ಪದವೊಂದು ಒಂದೇ ವರ್ಗದಲ್ಲಿ ಶಾಶ್ವತವಾಗಿ ಸೆರೆಯಾಗಿರಬೇಕೆಂದು ಕನ್ನಡ ಹಟ ಹಿಡಿಯುವುದಿಲ್ಲ. ‘ಹಾಡು’ ಎಂಬುದು ಕ್ರಿಯೆಯೂ ಹೌದು, ನಾಮವೂ ಹೌದು. ‘ಓದು’, ‘ನುಡಿ’, ‘ನಡೆ’ ಎಂಬುವೂ ಅಷ್ಟೆ. ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುವ ಹುಡುಗಿಯನ್ನು ಅವ್ಯಯವೆಂದು ಬರೆದಿಟ್ಟುಬಿಡಬಾರದು. ‘ಓದು’ ಎಂದು ಆಕೆಗೆ ಹೇಳಿದರೆ, ಇಂದಿನ ಆ ವಿಧಿಕ್ರಿಯೆಯೇ ನಾಳೆ ಆಕೆಯ ಸ್ವಂತ ನಾಮಪದವಾದೀತು. ದಿನವೆಲ್ಲ ಕ್ರಿಯಾಪದವಾಗಿ ದುಡಿದ ತಾಯಿಯೂ ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು, ತಾತನವರಂತೆ, ಕ್ರಿಯೆಯಿಲ್ಲದ ವಾಕ್ಯವಾಗಬಹುದು.

ನಮ್ಮ ಭಾಷೆಯ ಎರಡು ಔದಾರ್ಯಗಳನ್ನು ಹೇಳಿ ಮುಗಿಸುತ್ತೇವೆ. ಮರಗಳು, ಮನೆಗಳು, ಹುಡುಗರು, ಅರಸರು ಎಂದು ಸಾಮಾನ್ಯ ಬಹುವಚನ. ಅಣ್ಣಂದಿರು, ಅಕ್ಕಂದಿರು, ಮಾವಂದಿರು ಎಂದು ಬಂಧುಗಳಿಗೆ ಮಾತ್ರ ಬೇರೆಯದೇ ಪ್ರತ್ಯಯ. ಕನ್ನಡವು ನೆಂಟರಿಗೆ ಪ್ರತ್ಯೇಕ ಮಣೆ ಹಾಕಿಟ್ಟಿದೆ. ಎರಡನೆಯದು ‘ನಾವು’ ಎಂಬ ಸರ್ವನಾಮ. ಕೇಳುವವನನ್ನು ಸೇರಿಸಿಕೊಂಡರೆ ಒಂದು ಮಾತು, ಬಿಟ್ಟರೆ ಇನ್ನೊಂದು ಮಾತು ಎಂದು ತಮಿಳಿನಲ್ಲಿ ‘ನಾಮ್’ ‘ನಾಂಗಳ್’, ತೆಲುಗಿನಲ್ಲಿ ‘ಮನಮು’ ‘ಮೇಮು’ ಎಂಬ ಭೇದವುಂಟು. ಇಂದಿನ ಕನ್ನಡದಲ್ಲಿ ಒಂದೇ ‘ನಾವು’. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಭಾಷೆ ತೀರ್ಮಾನಿಸದೆ ಮನೆಯವರಿಗೇ ಬಿಟ್ಟಿದೆ. ನಿನ್ನೆ ಬಂದ ಸೊಸೆಯೂ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಅತ್ತೆಯೂ ಆ ‘ನಾವು’ ಎಂಬುದರೊಳಗೆ ಇರುವರೆ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಊಟದ ಹೊತ್ತಾಯಿತು. ಇಂದು ಕ್ರಿಯಾಪದಕ್ಕೂ ಒಂದು ಎಲೆಯನ್ನು ಜೊತೆಯಲ್ಲಿಯೇ ಹಾಕಿಸಿರೆಂದು ಕೇಳುಗರನ್ನು ಪ್ರಾರ್ಥಿಸುತ್ತೇವೆ.