ಮಿಕ್ಕ ಬ್ರೆಡ್ಡಿನ ಹಿರಿಮೆ

ಭಾನುವಾರದ ಬೆಳಗಿನ ತಿಂಡಿಗೆ ಒಂದೊಂದು ವಾರ ಒಂದೊಂದು ಕೆಫೆಗೆ ಹೋಗಿ, ಹಾಲು-ಮೊಟ್ಟೆಯಲ್ಲಿ ನೆನೆಸಿದ ಬ್ರೆಡ್ಡಿನ ಫ್ರೆಂಚ್ ಟೋಸ್ಟ್ ಸವಿಯುವುದು ಹಲವರ ಪ್ರೀತಿಯ ರೂಢಿ. ಒಂದೇ ತಿಂಡಿಗೆ ಎಷ್ಟೊಂದು ರೂಪ! ಪ್ಯಾರಿಸ್ಸಿನಲ್ಲಿ ಅದನ್ನು ಬೆಣ್ಣೆ, ಮೊಟ್ಟೆ ಬೆರೆತ ಬ್ರೆಡ್ಡಾದ ಬ್ರಿಯೋಷ್‌ನಿಂದಲೂ ಮಾಡುತ್ತಾರೆ. ಅಮೆರಿಕದಲ್ಲಿ ಮೇಪಲ್ ಸಿರಪ್ ಸುರಿದು ಕೊಡುತ್ತಾರೆ. ಹಾಂಗ್‌ಕಾಂಗಿನ ಚಹಾದಂಗಡಿಗಳಲ್ಲಿ ಎರಡು ಹೋಳುಗಳ ನಡುವೆ ಕಡಲೆಕಾಯಿ ಬೆಣ್ಣೆ ಸವರಿ, ಎಣ್ಣೆಯಲ್ಲಿ ಕರಿಯುತ್ತಾರೆ. ಸ್ಪೇನಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಂತೆಂದರೆ ಮನೆಮನೆಯಲ್ಲೂ ಅದರ ಸಡಗರ. ನಮ್ಮಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಖಾರವಾಗಿಯೂ ಮಾಡುವುದುಂಟು.

ಈ ತಿಂಡಿಯನ್ನು ಬೆಳೆಸಿದ್ದು ಸಿರಿವಂತಿಕೆಯಲ್ಲ, ಮಿತವ್ಯಯ. ಪ್ರಾಚೀನ ರೋಮಿನ, ಅಪಿಸಿಯಸ್ ಹೆಸರಿನ ಪಾಕಗ್ರಂಥದಲ್ಲೇ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ವಿಧಾನವಿದೆ. ಮುಂದೆ ಯುರೋಪಿನ ಮನೆಗಳಲ್ಲಿ ಒಣಗಿದ ಬ್ರೆಡ್ಡನ್ನು ಎಸೆಯದೆ ಉಳಿಸಿಕೊಳ್ಳುವ ದಾರಿಯೇ ಇದಾಯಿತು. ತೀರಾ ಮೆತ್ತಗಿನ ಹೊಸ ಬ್ರೆಡ್ಡು ಹಾಲಿನಲ್ಲಿ ಮುದ್ದೆಯಾಗಿಬಿಡುತ್ತದೆ. ಒಂದೆರಡು ದಿನ ಕಳೆದು ಗಟ್ಟಿಯಾದದ್ದು ಹಾಲು, ಮೊಟ್ಟೆ ಎರಡನ್ನೂ ಹೀರಿಕೊಂಡು ಆಕಾರ ಉಳಿಸಿಕೊಳ್ಳುತ್ತದೆ. ರಾತ್ರಿ ಉಳಿದ ಅನ್ನದಿಂದಲೇ ಚಿತ್ರಾನ್ನ ಉದುರುದುರಾಗಿ ಬರುವಂತೆ.

ಹಳೆಯದಾದದ್ದೆಲ್ಲ ವ್ಯರ್ಥವಲ್ಲ. ಅದಕ್ಕೆ ಒಪ್ಪುವ ಕೆಲಸವನ್ನು ನಾವು ಹುಡುಕಬೇಕು, ಅಷ್ಟೇ. ಒಂದು ಹೋಳು ಬ್ರೆಡ್ಡಿನ ಹಿಂದೆ ಗೋಧಿ ಬೆಳೆದವರ, ಹಿಟ್ಟು ನಾದಿದವರ, ಬೇಯಿಸಿದವರ ಶ್ರಮವಿದೆ. ಅದನ್ನು ಗೌರವಿಸಿದ ಕೈಗಳೇ ಲೋಕಕ್ಕೆ ಇಷ್ಟೊಂದು ರುಚಿಗಳನ್ನು ಕೊಟ್ಟಿವೆ. ಈ ವಾರಾಂತ್ಯ ಕೆಫೆಗೆ ಹೋದರೆ ಮನಸಾರೆ ಸವಿಯೋಣ. ಮನೆಯಲ್ಲಿ ಮಿಕ್ಕಿದ್ದನ್ನು ಎಸೆಯುವ ಮುನ್ನ, ಇದರಿಂದ ಇನ್ನೇನು ಮಾಡಬಹುದು ಎಂದು ಒಮ್ಮೆ ಯೋಚಿಸೋಣ.